ಗಿರಾಕಿಗಿಂತ ಮುಂಚೆ ಬರುವ ಗಿರಾಕಿ

"ಏನಪ್ಪಾ, ಇಲ್ಲೊಬ್ಬರು ಮನುಷ್ಯರು ಕೂತಿರೋದು ಕಾಣಿಸ್ತಿದ್ಯಾ? ಇಲ್ಲ ನಾನೂ ಕುರ್ಚಿ ಥರಾನೇ ಕಾಣ್ತಿದ್ದೀನಾ?"

ಸೂರ್ಯ ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಹೋಟೆಲಿನ ಶಟರ್ ಮೊಣಕಾಲೆತ್ತರಕ್ಕೆ ಮಾತ್ರ ಎದ್ದಿದೆ. ಹಜಾರದಲ್ಲಿ ಕುರ್ಚಿಗಳೆಲ್ಲ ಟೇಬಲುಗಳ ಮೇಲೆ ಕಾಲು ಮೇಲೆ ಮಾಡಿ ಮಲಗಿವೆ. ಒರೆಸಿದ ನೆಲ ಇನ್ನೂ ಆರಿಲ್ಲ. ಕಿಟಕಿ ಪಕ್ಕದಲ್ಲಿ ಒಂದೇ ಒಂದು ಕುರ್ಚಿ ಕೆಳಗಿಳಿದಿದೆ. ಅದರಲ್ಲಿ ಕೂತ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬೆರಳುಗಳಿಂದ ಟೇಬಲು ಕುಟ್ಟುತ್ತ ರೇಗುತ್ತಿದ್ದಾರೆ. ಬಾಗಿಲಿನಷ್ಟು ಎತ್ತರದ ಸರ್ವರೊಬ್ಬ ಗಂಭೀರವಾಗಿ ಬಂದು, ಬಗ್ಗಿ, ಅವರ ಮುಂದೆ ಖಾಲಿ ತಟ್ಟೆಯೊಂದನ್ನು ಇಡುತ್ತಾನೆ.

"ಇದೇನು, ಸೂಪಾ? ತಣ್ಣಗಿದೆಯಲ್ಲ!"

"ಈಗ್ಲೇ ಬಿಸಿ ಮಾಡಿಸಿ ತರ್ತೀನಿ ಮೇಡಂ."

"ಏನೂ ಬೇಡ. ನನ್ನ ತಲೆ ಬಿಸಿಯಾಗಿದೆ, ಅದರ ಮೇಲೇ ಇಟ್ಕೋತೀನಿ."

ಸರ್ವರ್ ತುಟಿ ಕಚ್ಚಿಕೊಳ್ಳುತ್ತಾನೆ. ನಗು ಮೂಗಿನಿಂದ ಹೊರಬಂದೇಬಿಡುತ್ತದೆ.

"ನಕ್ಕೆ! ನಕ್ಕೆ ನೀನು!" ಹೆಂಗಸು ಎದ್ದು ನಿಲ್ಲುತ್ತಾರೆ. ಸಿಡುಕು ಗಿರಾಕಿಯ ಧ್ವನಿ ಎಲ್ಲೋ ಹೋಗಿ, ಮನೆಯ ಹಿರಿಯಕ್ಕನ ಧ್ವನಿ ಬಂದಿದೆ. "ಗಿರಾಕಿ ಸಿಟ್ಟಲ್ಲಿದ್ದಾಗ ನಕ್ರೆ ನಿನ್ನ ಕಥೆ ಮುಗೀತು ಉದ್ದಣ್ಣ. ಹೋಗು, ಇನ್ನೊಂದ್ಸಲ ಮೊದಲಿಂದ ಬಾ."

ಇವರು ಈ ಹೋಟೆಲಿನ ಮ್ಯಾನೇಜರ್. ಕಾಗದಪತ್ರದಲ್ಲಿ ಮಾತ್ರ ಹಾಗೆ; ಎಲ್ಲರ ಬಾಯಲ್ಲೂ 'ಅಕ್ಕ'. ದಿನವೂ ಬಾಗಿಲು ತೆರೆಯುವ ಮುನ್ನ, ಒಲೆಗೆ ಬೆಂಕಿ ಬೀಳುವ ಮುನ್ನ, ಅಕ್ಕ ಒಂದಿಷ್ಟು ಹೊತ್ತು ಸುಳ್ಳು ಗಿರಾಕಿಯಾಗುತ್ತಾರೆ. ಹಜಾರದವರೆಲ್ಲ ಸರದಿ ಪ್ರಕಾರ ಬಂದು ಖಾಲಿ ತಟ್ಟೆ, ಖಾಲಿ ಲೋಟಗಳಲ್ಲಿ ಅವರಿಗೆ ಬಡಿಸಬೇಕು. ಒಂದು ದಿನ ಅವರು 'ಏನೇನಿದೆ?' ಎಂದು ಇಡೀ ಪಟ್ಟಿಯನ್ನು ಬಾಯಿಪಾಠ ಹೇಳಿಸಿ ಕೊನೆಗೆ 'ಒಂದು ಟೀ' ಎನ್ನುವ ನಿವೃತ್ತ ಅಧಿಕಾರಿ. ಇನ್ನೊಂದು ದಿನ, ಗಂಡನಿಗೆ ಏನು ಬೇಕೆಂದು ಗಂಡನನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳುವ ಹೆಂಡತಿ. ಮತ್ತೊಂದು ದಿನ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಸರ್ವರಿಗೆ ಹೇಳುವುದನ್ನು ಫೋನಿಗೂ ಫೋನಿಗೆ ಹೇಳುವುದನ್ನು ಸರ್ವರಿಗೂ ಹೇಳುವ ವ್ಯಾಪಾರಿ. 'ಹಲೋ, ಎರಡು ಪ್ಲೇಟು ಅನ್ನ... ಅಲ್ಲ ರೀ, ನಿಮಗಲ್ಲ... ಏ, ನಿಮಗಲ್ಲಪ್ಪಾ ನಿಮಗೆ!'

"ಸರ್ವರ್ ಅಂದ್ರೆ ಏನು? ಸರ್ವರ ಮಾತೂ ಕೇಳಬೇಕು, ಒಬ್ಬರಿಗೂ ತಿರುಗಿ ಹೇಳಬಾರದು. ಇದು ಬಾಯಲ್ಲಿ ಹೇಳಿದ್ರೆ ಬರಲ್ಲ. ಬೈಸ್ಕೊಂಡೇ ಕಲೀಬೇಕು. ಹೊರಗಿನವರ ಕೈಲಿ ಬೈಸ್ಕೊಳ್ಳೋಕಿಂತ ನನ್ನ ಕೈಲಿ ಬೈಸ್ಕೊಂಡ್ರೆ ವಾಸಿ ಅಲ್ವಾ?" ಎನ್ನುತ್ತಾರೆ ಅಕ್ಕ.

ಈ ಕುರ್ಚಿಗೆ ಅವರು ಬಂದದ್ದು ಬದಲಿ ಆಟಗಾರ್ತಿಯಾಗಿ. ಮೊದಲು ಇಲ್ಲಿ ಮ್ಯಾನೇಜರ್ ಆಗಿದ್ದವರು ಅವರ ಗಂಡ. ಗೋದಾಮಿನ ಮೆಟ್ಟಿಲಿಂದ ಜಾರಿ ಸೊಂಟ ಹಿಡಿದಾಗ, 'ಎರಡು ದಿನ ನೀನು ಹೋಗಿ ನೋಡ್ಕೊಂಡು ಬಾ' ಎಂದು ಹೆಂಡತಿಯನ್ನು ಕಳಿಸಿದರಂತೆ. ಆ ಎರಡು ದಿನ ಇನ್ನೂ ಮುಗಿದಿಲ್ಲ. ಮಗಳು ಆಗ ಹಾಲುಹಲ್ಲಿನವಳು, ಈಗ ಕಾಲೇಜು ಮುಗಿಸುತ್ತಿದ್ದಾಳೆ. ಗಂಡ ಈಗ ಮನೆಯಲ್ಲಿ ಅಡುಗೆ, ಬಟ್ಟೆ, ಮಗಳ ಓದು ನೋಡಿಕೊಳ್ಳುತ್ತಾರೆ. ಮನೆಗೆ ಬಂದವರಿಗೆಲ್ಲ 'ನಾನು ಸೊಂಟ ಹಿಡ್ಕೊಂಡೆ, ಇವಳು ಕುರ್ಚಿ ಹಿಡ್ಕೊಂಡ್ಳು' ಎಂದು ಹೇಳಿ ನಗಿಸುತ್ತಾರೆ. "ಅವರು ಹೇಳೋದು ಸುಳ್ಳು. ಕುರ್ಚಿ ಇದೆ ಅಷ್ಟೇ, ಕೂತವರು ಯಾರು?" ಎಂದು ಅಕ್ಕ ಮುಖ ತಿರುವುತ್ತಾರೆ.

ಮಾತು ನಿಜ. ಬೆಳಗಿನ ತಾಲೀಮು ಮುಗಿದರೆ ಅವರು ಕೂರುವುದನ್ನು ಕಾಣುವುದು ಕಷ್ಟ. ಹಾಲು ಬಂತೇ, ಗ್ಯಾಸ್ ಬಂತೇ, ಹಿಂದಿನ ಮೋರಿ ಮತ್ತೆ ಕಟ್ಟಿತೇ, ಸೊಪ್ಪು ತಂದವನು ಮೇಲೆ ಎಳೆಯದ್ದನ್ನಿಟ್ಟು ಕೆಳಗೆ ಬಲಿತದ್ದನ್ನು ತುಂಬಿದ್ದಾನೆಯೇ, ಎಲ್ಲವೂ ಕಣ್ಣಿಗೆ ಬೀಳಬೇಕು. ಅದರ ಮಧ್ಯೆ ರಜೆಯ ಫೋನುಗಳು. ಗಂಟಲು ಗೊರಗೊರ ಮಾಡಿಕೊಂಡು, ಮಾತಿಗೊಮ್ಮೆ ಕೆಮ್ಮಿ, 'ಅಕ್ಕಾ... ಜ್ವರ ಅಕ್ಕಾ...' ಎನ್ನುವ ದನಿಗಳನ್ನು ಅಕ್ಕ ಒಂದೊಂದಾಗಿ ಅನುಕರಿಸಿ ತೋರಿಸುವಾಗ ಅಡುಗೆಮನೆಯೇ ಬಿದ್ದು ಬಿದ್ದು ನಗುತ್ತದೆ. "ನಿಜವಾಗ್ಲೂ ಜ್ವರ ಬಂದವರು ಫೋನೇ ಮಾಡಲ್ಲ, ಮನೆಯವರ ಕೈಲಿ ಮಾಡಿಸ್ತಾರೆ. ಸುಳ್ಳು ಜ್ವರದವರು ತಾವೇ ಮಾಡಿ, ಪೂರ್ತಿ ವಿವರ ಕೊಡ್ತಾರೆ." ಹಾಗೆಂದು ರಜೆ ಕೊಡದೆ ಇರುವುದಿಲ್ಲ. "ಸುಳ್ಳು ಹೇಳೋಕೂ ಏನೋ ಒಂದು ಕಷ್ಟ ಇರುತ್ತಲ್ಲ" ಎನ್ನುತ್ತಾರೆ.

ಇನ್ನು ಅಡುಗೆಮನೆಗೂ ಹಜಾರಕ್ಕೂ ನಡುವೆ ಆಚೀಚೆ ತೂಗುವ ಒಂದು ಬಾಗಿಲಿದೆ. ಅದು ನೋಡುವುದಕ್ಕೆ ಬಾಗಿಲು, ನಿಜದಲ್ಲಿ ಗಡಿ. ಆ ಕಡೆಯವರಿಗೆ ಬೇಯಿಸುವ ಚಿಂತೆ, ಈ ಕಡೆಯವರಿಗೆ ಕಾಯಿಸುವ ಚಿಂತೆ. 'ಅವಸರ ಅಂತ ಹೇಳು' ಎಂದು ಇವರು, 'ಅವಸರ ಇದ್ರೆ ಹಸೀದೇ ತಿನ್ನಲಿ ಅನ್ನು' ಎಂದು ಅವರು. ಅಕ್ಕ ಎರಡೂ ಮಾತನ್ನು ಕೇಳಿಸಿಕೊಂಡು, ಎರಡನ್ನೂ ತಲುಪಿಸದೆ, ತಮ್ಮದೇ ಮೂರನೆಯ ಮಾತನ್ನು ಎರಡೂ ಕಡೆ ಹೇಳಿ ಬರುತ್ತಾರೆ.

ಆದರೆ ಇಂದು ಆ ಬಾಗಿಲನ್ನು ದಾಟಿ ಬರಬೇಕಾದದ್ದು ಮಾತಲ್ಲ, ಒಬ್ಬ ಹೆಂಗಸು. ಅಕ್ಕನ ಮುಖದಲ್ಲಿ ಬೆಳಗಿನಿಂದ ಇರುವ ಬಿಗಿಗೆ ಅದೇ ಕಾರಣ.

ಹನ್ನೊಂದು ವರ್ಷದಿಂದ ಈ ಹೋಟೆಲಿನ ಮುಸುರೆ ತಟ್ಟೆಗಳನ್ನು ತೊಳೆಯುತ್ತಿರುವಾಕೆಗೆ ಇಲ್ಲಿನವರು ಇಟ್ಟ ಹೆಸರು ಚೊಕ್ಕಮ್ಮ. ಆಕೆ ತೊಳೆದ ತಟ್ಟೆಯಲ್ಲಿ ಉದ್ದಣ್ಣ ಕ್ರಾಪು ತಿದ್ದಿಕೊಳ್ಳುತ್ತಾನೆ. ವರ್ಷಗಟ್ಟಲೆ ಸೋಪಿನ ನೀರಿನಲ್ಲಿ ನೆಂದ ಆಕೆಯ ಕೈಗಳು ಈಚೆಗೆ ಬಿರಿದು, ಸುಲಿದು, ಉಗುರಿನ ಸುತ್ತ ಕೀವು ಕಟ್ಟಿದವು. ಡಾಕ್ಟರು ಔಷಧಿ ಕೊಟ್ಟು, 'ವಾಸಿಯಾಗುತ್ತೆ. ಆದ್ರೆ ಕೈಗವಸು ಹಾಕ್ಕೊಂಡಾದ್ರೂ ಮತ್ತೆ ನೀರಿಗಿಟ್ರೆ ನನ್ನ ಹತ್ರ ಬರಬೇಡಿ' ಎಂದರು. ಕೈ ವಾಸಿಯಾಯಿತು, ಕೆಲಸ ಕಾಯಿಲೆ ಬಿತ್ತು. ಅಡುಗೆಮನೆಯಲ್ಲಿ ಎಲ್ಲಿ ಹೋದರೂ ನೀರೇ. ಇಡೀ ಹೋಟೆಲಿನಲ್ಲಿ ಒಣ ಜಾಗ ಎರಡೇ: ಗಲ್ಲಾ ಮತ್ತು ಹಜಾರ. ಗಲ್ಲಾದಲ್ಲಿ ಹೋಟೆಲಿನ ಯಜಮಾನರು ಕೂತಿದ್ದಾರೆ, ಅವರು ಏಳುವುದಿಲ್ಲ. ಉಳಿದದ್ದು ಹಜಾರ.

"ತೊಳೆಯೋಳನ್ನ ತಂದು ಬಡಿಸೋಕೆ ನಿಲ್ಲಿಸ್ತೀಯಾ? ಅವಳು ನಾಲ್ಕು ಜನರ ಮುಂದೆ ಬಾಯಿ ಬಿಟ್ಟಿದ್ದನ್ನ ನಾನಂತೂ ನೋಡಿಲ್ಲಮ್ಮ" ಎಂದಿದ್ದರು ಯಜಮಾನರು. ಕೆಟ್ಟವರಲ್ಲ, ತಮ್ಮ ಹೋಟೆಲಿನ ಬಗ್ಗೆ ಮಾತ್ರ ಸದಾ ಹೆದರುವವರು. ಅಕ್ಕ ಹಠ ಹಿಡಿದರು. ಚೊಕ್ಕಮ್ಮನ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಓದುವ ಇಬ್ಬರು ಹೆಣ್ಣುಮಕ್ಕಳು. ದುಡಿಯುವ ಕೈ ಆ ಬಿರಿದ ಎರಡೇ. ತೊಳೆಯುವ ಜಾಗಕ್ಕೆ, ಕೈಗವಸು ಹಾಕಿಕೊಂಡೇ ತೊಳೆಯುವೆ ಎಂದು ಒಪ್ಪಿದ ಹೊಸಬರೊಬ್ಬರು ಆಗಲೇ ಬಂದಾಗಿದೆ. ಹಾಗಾಗಿ ಹಿಂದಕ್ಕೆ ಹೋಗುವ ದಾರಿ ಇಲ್ಲ. ಕೊನೆಗೆ ಯಜಮಾನರು ಒಂದು ದಿನ ಕೊಟ್ಟರು. ಆ ದಿನ ಇವತ್ತು. ಹಜಾರದಲ್ಲಿ ನಿಂತರೆ ಕೆಲಸ ಉಂಟು, ಇಲ್ಲದಿದ್ದರೆ ಮನೆಗೆ.

ಬೆಳಗಿನ ತಾಲೀಮಿನಲ್ಲಿ ಚೊಕ್ಕಮ್ಮನನ್ನು ನೋಡಿದರೆ ಭಯಪಡಲು ಕಾರಣವೇ ಕಾಣುವುದಿಲ್ಲ. ಎರಡು ವಾರ ಅಕ್ಕನ ಕೈಲಿ ಬೈಸಿಕೊಂಡು ಆಕೆ ಹದವಾಗಿದ್ದಾಳೆ. ತಟ್ಟೆ ಸದ್ದಿಲ್ಲದೆ ಇಳಿಯುತ್ತದೆ, ಸದ್ದಿಲ್ಲದೆ ಏಳುತ್ತದೆ. ನಿವೃತ್ತ ಅಧಿಕಾರಿಗೆ ಪಟ್ಟಿ ಪೂರ್ತಿ ಒಪ್ಪಿಸುತ್ತಾಳೆ. ವ್ಯಾಪಾರಿಯ ಎರಡೂ ಮಾತುಗಳಲ್ಲಿ ತನ್ನದು ಯಾವುದೆಂದು ಹಿಡಿಯುತ್ತಾಳೆ. "ಶಭಾಷ್" ಎಂದ ಅಕ್ಕ, ಆಕೆಯ ಸೀರೆಯ ಮೇಲೆ ಕಟ್ಟಿದ ಹೊಸ ಏಪ್ರನ್ನಿನ ಗಂಟನ್ನು ತಾವೇ ಸರಿಮಾಡುತ್ತಾರೆ. "ಹಿಂದಿನಿಂದ ಮುಂದಕ್ಕೆ ಬಂದಿದ್ದೀಯ ಅಷ್ಟೇ. ಅದೇ ತಟ್ಟೆ, ಅದೇ ನೀನು."

ಅದೇ ತಟ್ಟೆಯೇ ಕೈಕೊಡುತ್ತದೆ.

ಮಧ್ಯಾಹ್ನ ಹಜಾರ ತುಂಬಿದೆ. ಚಮಚಗಳ ಟಿಣಿಟಿಣಿ, ಕುರ್ಚಿಗಳ ಕಿರ್ರು, 'ಇಲ್ಲೊಂದು ನೀರು' ಎಂಬ ಕೂಗು. ಚೊಕ್ಕಮ್ಮನ ಪಾಲಿನ ಟೇಬಲಿನಲ್ಲಿ ಕನ್ನಡಕದ ಹಿರಿಯರೊಬ್ಬರು ಅರ್ಧ ಊಟ ಮಾಡಿದ್ದಾರೆ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಚಮಚ ಕೆಳಗಿಟ್ಟು, ಕಿಟಕಿಯ ಕಡೆ ತಿರುಗಿ ಮಾತಾಡುತ್ತಾರೆ. ಮುಗಿಸಿ ಈ ಕಡೆ ತಿರುಗಿದರೆ ಮುಂದೆ ತಟ್ಟೆಯೇ ಇಲ್ಲ. ಟೇಬಲು ಒರೆಸಿ ಫಳಫಳ.

ಅವರು ತಟ್ಟೆ ಇದ್ದ ಜಾಗವನ್ನು ನೋಡುತ್ತಾರೆ, ಟೇಬಲಿನ ಕೆಳಗೆ ನೋಡುತ್ತಾರೆ, ಪಕ್ಕದವರ ತಟ್ಟೆಯನ್ನು ಅನುಮಾನದಿಂದ ನೋಡುತ್ತಾರೆ. "ಅಲ್ಲಾ, ನಾನು ಊಟ ಮಾಡಿದ್ನಾ?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಪುಣ್ಯಕ್ಕೆ ನಗುವ ಸ್ವಭಾವದವರು. ಅಕ್ಕ ಓಡಿಬಂದು ಕ್ಷಮೆ ಕೇಳಿ, ಹೊಸ ತಟ್ಟೆ ತರಿಸುತ್ತಾರೆ.

ಎರಡನೆಯ ಸಲ ಆ ಪುಣ್ಯ ಇರುವುದಿಲ್ಲ. ಗಂಡ ಹೆಂಡತಿ ಯಾವುದೋ ವಿಷಯಕ್ಕೆ ಜಗಳವಾಡುತ್ತ ಊಟ ಬಿಟ್ಟು ಒಬ್ಬರನ್ನೊಬ್ಬರು ದಿಟ್ಟಿಸುತ್ತ ಕೂತಿದ್ದಾರೆ. ಮಧ್ಯದಿಂದ ಎರಡು ಕೈ ಬಂದು ಎರಡು ತಟ್ಟೆಗಳನ್ನೂ ಎತ್ತಿಕೊಂಡು ಹೋಗುತ್ತವೆ. ಮರುಕ್ಷಣ ಗಂಡ ಹೆಂಡತಿ ಒಂದಾಗುತ್ತಾರೆ. "ಮ್ಯಾನೇಜರ್ ಎಲ್ಲಿ? ಕರೀರಿ ಮ್ಯಾನೇಜರನ್ನ! ತಿನ್ನೋರ ಮುಂದಿಂದ ಕಿತ್ಕೊಂಡು ಹೋಗೋದಾ?" ಎಂದು ಒಂದೇ ದನಿಯಲ್ಲಿ ಕೂಗುತ್ತಾರೆ.

ಗಲ್ಲಾದಲ್ಲಿ ಯಜಮಾನರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ್ದಾರೆ.

ಚೊಕ್ಕಮ್ಮ ತೂಗುಬಾಗಿಲಿನ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾಳೆ. ಏಪ್ರನ್ನಿನ ಗಂಟನ್ನು ಆಗಲೇ ಬಿಚ್ಚಿಕೊಂಡಿದ್ದಾಳೆ. ಗಿರಾಕಿಗಳನ್ನು ಸಮಾಧಾನ ಮಾಡಿ ಒಳಗೆ ಬಂದ ಅಕ್ಕನಿಗೆ ಬೈಯುವ ಹುಮ್ಮಸ್ಸೇನೋ ಇದೆ, ಆದರೆ ಆಕೆಯೇ ಮೊದಲು ಮಾತಾಡುತ್ತಾಳೆ.

"ನಾನು ಬೇಕಂತ ಮಾಡಿಲ್ಲ ಅಕ್ಕಾ. ಕೈ ತಾನಾಗೇ ಹೋಗುತ್ತೆ. ಇಷ್ಟು ವರ್ಷ ನನ್ನ ಹತ್ರ ಬಂದ ತಟ್ಟೆ ಎಲ್ಲಾ ಊಟ ಮುಗಿದಿರೋವೇ. ತಿಂತಾ ಇರೋ ತಟ್ಟೆ ನಾನು ನೋಡೇ ಇಲ್ಲ. ಅನ್ನ ಉಳಿದಿದ್ರೂ, ಪಲ್ಯ ಉಳಿದಿದ್ರೂ ನನಗೆ ತಟ್ಟೆ ಅಂದ್ರೆ ಮುಗಿದಿದ್ದು."

ಅಕ್ಕ ಆಕೆಯ ಏಪ್ರನ್ನಿನ ಗಂಟನ್ನು ಮತ್ತೆ ಕಟ್ಟುತ್ತಾರೆ. ಪಕ್ಕದಲ್ಲಿದ್ದ ಹಿರಿಯ ಅಡುಗೆಯವರು, ಎಲ್ಲರೂ ದೊಡ್ಡಪ್ಪ ಎನ್ನುವವರು, ಸೌಟು ಹಿಡಿದೇ ಇತ್ತ ತಿರುಗುತ್ತಾರೆ.

ಅಷ್ಟರಲ್ಲಿ ಯಜಮಾನರೇ ಬಾಗಿಲಿಗೆ ಬಂದಿದ್ದಾರೆ. "ನೋಡಿದ್ದಾಯ್ತಲ್ಲಮ್ಮ ಇನ್ನು? ಪಾಪ, ಅವಳ ಕೈಲಿ ಆಗಲ್ಲ. ಮನೆಗೆ ಕಳ್ಸು."

"ತಪ್ಪು ಅವಳದಲ್ಲ ಯಜಮಾನ್ರೇ, ನನ್ನದು" ಎನ್ನುತ್ತಾರೆ ಅಕ್ಕ. ಧ್ವನಿಯಲ್ಲಿ ಯಾರ ಅನುಕರಣೆಯೂ ಇಲ್ಲ. "ಎರಡು ವಾರ ಖಾಲಿ ತಟ್ಟೇಲಿ ಕಲಿಸಿದೆ. ತಟ್ಟೆ ಕಂಡ್ರೆ ಎತ್ತು ಅಂತ ನಾನೇ ಅಭ್ಯಾಸ ಮಾಡ್ಸಿದ ಹಾಗಾಯ್ತು. ಗಿರಾಕಿ ಥರ ಬೈದೆ, ಕೂಗಾಡ್ದೆ, ಎಲ್ಲಾ ಮಾಡ್ದೆ. ಒಂದು ತುತ್ತು ತಿಂದು ತೋರಿಸ್ಲಿಲ್ಲ ನೋಡಿ!"

"ಅದಕ್ಕೆ?"

"ಸಂಜೆವರೆಗೂ ದಿನ ಇದೆ. ನೀವು ಕೊಟ್ಟಿದ್ದು ಒಂದು ದಿನ, ಅರ್ಧ ದಿನ ಅಲ್ಲ."

ಯಜಮಾನರು ಗಡಿಯಾರ ನೋಡುತ್ತಾರೆ, ಅಕ್ಕನನ್ನು ನೋಡುತ್ತಾರೆ. "ಸಂಜೆ ಇನ್ನೊಂದು ತಟ್ಟೆ ಹೋದ್ರೆ ನಾನೇ ಹೇಳ್ತೀನಿ ಅವಳಿಗೆ. ನೀನು ಮಧ್ಯೆ ಬರಬಾರದು."

"ಬರಲ್ಲ."

ಮಧ್ಯಾಹ್ನದ ಜನ ಕರಗಿದ ಮೇಲೆ ಕೆಲಸದವರು ಊಟ ಮಾಡುವುದು ವಾಡಿಕೆ. ಊಟ ಎಂದರೆ ಅಡುಗೆಮನೆಯಲ್ಲಿ ಸಿಕ್ಕಿದ ಡಬ್ಬದ ಮೇಲೆ ಕೂತು, ಕೆಲವರು ನಿಂತೇ, ಗಬಗಬನೆ ನುಂಗಿ ಕೈ ತೊಳೆಯುವುದು. ಇಂದು ಅಕ್ಕ ಎಲ್ಲರನ್ನೂ ಹಜಾರಕ್ಕೆ ಅಟ್ಟುತ್ತಾರೆ. "ಎಲ್ರೂ ಟೇಬಲಿಗೆ ಕೂತ್ಕೊಳ್ಳಿ. ಚೊಕ್ಕಮ್ಮ ಬಡಿಸ್ತಾಳೆ. ನಿಧಾನವಾಗಿ ತಿನ್ನಿ, ಮಧ್ಯೆ ನಿಲ್ಲಿಸಿ, ಹರಟೆ ಹೊಡೀರಿ. ಇವತ್ತು ಹರಟೆಗೆ ಸಂಬಳ."

"ನನಗೆ ಈ ಕುರ್ಚಿ ಕೂತು ಅಭ್ಯಾಸ ಇಲ್ಲಮ್ಮ" ಎಂದು ಗೊಣಗುತ್ತಲೇ ಕೂರುತ್ತಾರೆ ದೊಡ್ಡಪ್ಪ. ತಾವೇ ಬೇಯಿಸಿದ್ದನ್ನು ಇನ್ನೊಬ್ಬರು ಬಡಿಸಿ ತಿನ್ನುವುದು ಅವರಿಗೆ ಹೊಸದು. ನಾಲ್ಕು ತುತ್ತಿಗೆ ಸಂಕೋಚ ಹೋಗಿ, ಚಮಚ ಕೆಳಗಿಟ್ಟು, ಯಾವುದೋ ಹಳೇ ಮಾಲೀಕನ ಜಿಪುಣತನದ ಕಥೆ ತೆಗೆಯುತ್ತಾರೆ. ಚೊಕ್ಕಮ್ಮನ ಕೈ ಮುಂದೆ ಹೋಗುತ್ತದೆ.

"ಊಂ!" ಎನ್ನುತ್ತಾರೆ ಅಕ್ಕ.

ಕೈ ಹಿಂದೆ ಬರುತ್ತದೆ. ಉದ್ದಣ್ಣ ನೀರು ಕುಡಿಯಲು ತಲೆ ಎತ್ತುತ್ತಾನೆ. ಕೈ ಮತ್ತೆ ಹೋಗುತ್ತದೆ. "ಊಂ!" ಚೊಕ್ಕಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ. ಬೆನ್ನ ಹಿಂದೆಯೂ ಬೆರಳುಗಳು ಮಿಡುಕುತ್ತಿವೆ. ಕೊನೆಗೆ ಮೆಲ್ಲಗೆ ಕೇಳುತ್ತಾಳೆ:

"ಅಕ್ಕಾ, ತಟ್ಟೆ ನೋಡಿದ್ರೆ ಕೈ ನಿಲ್ಲಲ್ಲ. ಮುಖ ನೋಡ್ಲಾ?"

ತೊಳೆಯುವ ಜಾಗದ ಕಿಂಡಿ ಎಷ್ಟು ಚಿಕ್ಕದೆಂದರೆ ಅದರಲ್ಲಿ ತಟ್ಟೆ ತಳ್ಳುವ ಕೈ ಮಾತ್ರ ಕಾಣುತ್ತದೆ. ತಿಂದವರ ಮುಖ ಆಕೆಗೆ ಯಾವತ್ತೂ ಕಂಡದ್ದಿಲ್ಲ.

"ನೋಡು" ಎನ್ನುತ್ತಾರೆ ಅಕ್ಕ. "ಮುಖಾನೇ ನೋಡು. ತಟ್ಟೆ ಎಲ್ಲೂ ಓಡಿಹೋಗಲ್ಲ."

ಚೊಕ್ಕಮ್ಮ ದೊಡ್ಡಪ್ಪನ ಮುಖವನ್ನು ನೋಡತೊಡಗುತ್ತಾಳೆ. ಅವರು ಕಥೆ ಹೇಳುತ್ತಾರೆ, ಆಕೆ ನೋಡುತ್ತಾಳೆ. ಅವರು ಅಗಿಯುತ್ತಾರೆ, ಆಕೆ ನೋಡುತ್ತಾಳೆ. "ಅಮ್ಮಾ ತಾಯಿ, ಹೀಗೆ ದಿಟ್ಟಿಸಿದ್ರೆ ಅನ್ನ ಗಂಟಲಲ್ಲೇ ನಿಲ್ಲುತ್ತೆ. ಸ್ವಲ್ಪ ಪಕ್ಕದವರನ್ನೂ ನೋಡು" ಎಂದು ದೊಡ್ಡಪ್ಪ ಕೈ ಮುಗಿಯುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವಳು ಚೊಕ್ಕಮ್ಮನೇ. ಆ ನಗುವನ್ನು ಹಜಾರ ಮೊದಲ ಬಾರಿಗೆ ಕೇಳುತ್ತಿದೆ.

ಸಂಜೆಯ ದೀಪಗಳು ಹತ್ತಿಕೊಳ್ಳುತ್ತವೆ. ಕಚೇರಿ ಮುಗಿಸಿದವರು, ಅಂಗಡಿ ಸಾಮಾನಿನ ಚೀಲ ಹೊತ್ತವರು, ಕಾಲು ನೋವೆಂದು ಕೂರಲು ಬಂದವರು, ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಕೊಟ್ಟ ಮಾತಿನಂತೆ ಅಕ್ಕ ಚೊಕ್ಕಮ್ಮನ ಹತ್ತಿರ ಸುಳಿಯುವುದಿಲ್ಲ. ದೂರದ ಕಂಬಕ್ಕೆ ಒರಗಿ, ಬೇರೆಲ್ಲೋ ನೋಡುವಂತೆ ನಟಿಸುತ್ತಾರೆ. ಆ ನಟನೆ ಮಾತ್ರ ಅವರಿಗೆ ಚೆನ್ನಾಗಿ ಬರುವುದಿಲ್ಲ.

ಚೊಕ್ಕಮ್ಮನ ಟೇಬಲಿಗೆ ಇಬ್ಬರು ಹಳೆಯ ಗೆಳೆಯರು ಬಂದಿದ್ದಾರೆ. ಬಹಳ ಕಾಲದ ಮೇಲೆ ಸಿಕ್ಕವರಿರಬೇಕು. ಊಟಕ್ಕಿಂತ ಮಾತೇ ಜಾಸ್ತಿ. ತಟ್ಟೆಗಳಲ್ಲಿ ಕೊನೆಯ ನಾಲ್ಕು ಅಗುಳು ಉಳಿದಿವೆ. ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಟೇಬಲು ಬಡಿದು ನಗುತ್ತಾರೆ. ಚೊಕ್ಕಮ್ಮ ಅವರ ಮುಖ ನೋಡುತ್ತ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಾಳೆ. ನಿಂತೇ ಇದ್ದಾಳೆ. ಒಬ್ಬರ ಮಾತು ತಡೆದು ಕಣ್ಣಂಚು ಒದ್ದೆಯಾದಾಗ ಒಂದು ಲೋಟ ನೀರು ತಂದಿಟ್ಟು ಮತ್ತೆ ಅದೇ ಜಾಗಕ್ಕೆ ಹೋಗಿ ನಿಲ್ಲುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ ಅದು.

ಈಗ ಚಡಪಡಿಸುವ ಸರದಿ ಗಲ್ಲಾದ್ದು. ಬಾಗಿಲಲ್ಲಿ ಜಾಗಕ್ಕಾಗಿ ಜನ ಕಾಯುತ್ತಿದ್ದಾರೆ, ಈ ಗೆಳೆಯರು ಏಳುವ ಲಕ್ಷಣವಿಲ್ಲ. ಯಜಮಾನರು ಕತ್ತು ಉದ್ದ ಮಾಡಿ ಅಕ್ಕನನ್ನು ಕರೆಯುತ್ತಾರೆ. "ಅಲ್ಲಮ್ಮ, ಆ ತಟ್ಟೆ ಎತ್ತು ಅಂತ ಹೇಳು ಅವಳಿಗೆ!"

"ನಾನು ಮಧ್ಯೆ ಬರಬಾರದು ಅಂದ್ರಲ್ಲ ಯಜಮಾನ್ರೇ. ನೀವೇ ಹೇಳಿ."

ಯಜಮಾನರು ಮುಖ ಸಿಂಡರಿಸುತ್ತಾರೆ. ಎದ್ದು ನಿಲ್ಲುತ್ತಾರೆ. ಅಷ್ಟರಲ್ಲಿ ಗೆಳೆಯರಲ್ಲೊಬ್ಬರು ಉಸಿರುಬಿಟ್ಟು, ಪಕ್ಕಕ್ಕೆ ತಿರುಗಿ, "ತಗೊಂಡು ಹೋಗಮ್ಮ, ಆಯ್ತು. ಪಾಪ, ಎಷ್ಟೊತ್ತು ನಿಂತಿದ್ದೀಯ" ಎನ್ನುತ್ತಾರೆ. ತಟ್ಟೆಗಳು ಸದ್ದಿಲ್ಲದೆ ಏಳುತ್ತವೆ. ಹೇಳಬೇಕೆಂದು ಎದ್ದ ಯಜಮಾನರ ಬಾಯಲ್ಲಿ ಮಾತು ಅರ್ಧಕ್ಕೇ ಉಳಿದಿದೆ. ಎದ್ದಾಗಿದೆ, ಇಡೀ ಹಜಾರ ನೋಡುತ್ತಿದೆ, ಏನಾದರೂ ಹೇಳಲೇಬೇಕು. ಬಾಗಿಲಲ್ಲಿ ಕಾದಿದ್ದ ಸಂಸಾರವೊಂದು ಒಳಗೆ ಬರುತ್ತದೆ.

"ಚೊಕ್ಕಮ್ಮಾ, ಆರನೇ ಟೇಬಲ್ ನೋಡಮ್ಮ!" ಎಂದು ಕೂಗಿ, ಯಜಮಾನರು ಮತ್ತೆ ಕೂರುತ್ತಾರೆ.

"ಬಂದೆ ಯಜಮಾನ್ರೇ" ಎನ್ನುತ್ತದೆ ಒಂದು ಗಟ್ಟಿ ದನಿ.

ಅಕ್ಕ ಕಂಬ ಬಿಟ್ಟು ಕದಲುತ್ತಾರೆ. ಅಡುಗೆಮನೆಯ ಕಡೆ ಹೋಗುತ್ತ, ದಾರಿಯಲ್ಲಿ ಒಂದು ಕುರ್ಚಿಯನ್ನು ಟೇಬಲಿನ ಒಳಕ್ಕೆ ತಳ್ಳಿ, ದನಿ ತಗ್ಗಿಸಿ ಉದ್ದಣ್ಣನಿಗೆ ಹೇಳುತ್ತಾರೆ:

"ಕೇಳಿಸ್ತಾ? ಇಷ್ಟು ವರ್ಷದಲ್ಲಿ ಅವಳ ಹೆಸರೇ ಅವರ ಬಾಯಲ್ಲಿ ಬಂದಿರಲಿಲ್ಲ. ಇವತ್ತು ಟೇಬಲ್ ನಂಬರ್ ಹೇಳಿ ಕರೆದ್ರು. ಇನ್ನು ಅವಳ ಕೆಲಸದ ಬಗ್ಗೆ ನಾನು ಅವರ ಹತ್ರ ಏನೂ ಕೇಳಬೇಕಾಗಿಲ್ಲ."